ಮಾಂಸದ ಕುದುರೆ, ಮೂಳೆಯ ಕುದುರೆ

ಚಿತ್ರದಲ್ಲಿ ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು ಎಂದು ಚೀ ರಾಜ್ಯದ ದೊರೆ ಒಬ್ಬ ಚಿತ್ರಕಾರನನ್ನು ಕೇಳಿದನಂತೆ. ‘ನಾಯಿ, ಕುದುರೆ’ ಎಂದ ಅವನು. ಹಾಗಾದರೆ ಸುಲಭವಾದದ್ದು? ‘ದೆವ್ವ, ಪಿಶಾಚಿ.’ ದೆವ್ವವನ್ನು ಕಂಡವರು ಯಾರೂ ಇಲ್ಲ, ಹೇಗೆ ಬರೆದರೂ ಒಪ್ಪಿಕೊಳ್ಳಬೇಕು. ಕುದುರೆಯಾದರೋ ಬೆಳಗಿನಿಂದ ಸಂಜೆಯವರೆಗೆ ಜನರ ಕಣ್ಣೆದುರಿಗೇ ಇರುತ್ತದೆ. ಕ್ರಿ.ಪೂ. 3ನೆಯ ಶತಮಾನದ ಚಿಂತಕ ಹಾನ್ ಫೈ ಹೇಳಿದ ಕತೆ ಇದು.

ಚೀನಾದ ಕುದುರೆ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಬಂದ ಮೇಲೆ ನನಗೆ ಈ ಕತೆ ಅರ್ಧ ಮಾತ್ರ ಒಪ್ಪಿಗೆಯಾಗಿದೆ. ಗೊರಸು ತಪ್ಪಾಗಿದೆ, ಮೊಣಕಾಲು ವಕ್ರವಾಗಿದೆ ಎಂದು ಹೇಳಲು ಗಾಡಿ ಹೊಡೆಯುವವನು ಸಾಕು. ಆದರೆ ಆ ದೇಶದಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆದ ಜಗಳ ಗೊರಸು, ಮೊಣಕಾಲಿನದಲ್ಲ. ಕುದುರೆ ಮೈತುಂಬಿಕೊಂಡಿರಬೇಕೋ ಸೊರಗಿರಬೇಕೋ, ಕುಂಚ ಹಿಡಿದವನು ಮಾಂಸ ಬರೆಯಬೇಕೋ ಮೂಳೆ ಬರೆಯಬೇಕೋ ಎಂಬುದು ಆ ಜಗಳ. ಅದನ್ನು ಹಚ್ಚಿದವನು ಒಬ್ಬ ಕವಿ.

ಮೊದಲು ಮಾಂಸದ ಕುದುರೆಯನ್ನು ನೋಡೋಣ. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ನಾನು ನೋಡಿರುವುದು ಮ್ಯೂಸಿಯಂನವರೇ ಜಾಲತಾಣದಲ್ಲಿ ಹಾಕಿರುವ ದೊಡ್ಡ ಪ್ರತಿಯನ್ನು. ಕ್ರಿ.ಶ. 750ರ ಸುಮಾರಿನಲ್ಲಿ ತಾಂಗ್ ಚಕ್ರವರ್ತಿ ಶ್ವಾನ್‌ಝೊಂಗ್‌ನ ಆಸ್ಥಾನ ಚಿತ್ರಕಾರ ಹಾನ್ ಗಾನ್ ಬರೆದದ್ದು. ಚಕ್ರವರ್ತಿಯ ಮೆಚ್ಚಿನ ಆ ಬಿಳಿ ಕುದುರೆಯ ಹೆಸರಿಗೆ ‘ಇರುಳನ್ನು ಬೆಳಗುವ ಬಿಳಿಯ’ ಎಂದು ಅರ್ಥ. ಕಾಗದದ ಮೇಲೆ ಶಾಯಿ, ಅಷ್ಟೆ. 30.8 ಸೆಂಟಿಮೀಟರ್ ಎತ್ತರ, 34 ಸೆಂಟಿಮೀಟರ್ ಅಗಲ. ಶಾಲೆಯ ಡ್ರಾಯಿಂಗ್ ಪುಸ್ತಕದ ಹಾಳೆಗಿಂತ ಹೆಚ್ಚೇನೂ ದೊಡ್ಡದಲ್ಲ. ಒಂದು ದಪ್ಪ ಗೂಟ, ಅದಕ್ಕೆ ಕಟ್ಟಿದ ಕುದುರೆ. ಕಣ್ಣು ಹೊರಳಿದೆ, ಮೂಗಿನ ಹೊಳ್ಳೆ ಅರಳಿದೆ, ಬಾಯಿ ತೆರೆದಿದೆ, ಅಯಾಲು ನಿಮಿರಿ ನಿಂತಿದೆ. ಗುಡಾಣದಂತಹ ಎದೆ ಮತ್ತು ಹೊಟ್ಟೆ. ಅದನ್ನು ಹೊತ್ತ ಕಾಲುಗಳು ಮಾತ್ರ ತೆಳ್ಳಗೆ, ನೆಲದ ಮೇಲೆ ನಿಲ್ಲಲಾರದೆ ಕುಣಿಯುತ್ತಿವೆ. ಬಾಲ ಬಹುಪಾಲು ಅಳಿಸಿಹೋಗಿದೆ. ನೆಲವಿಲ್ಲ, ಆಕಾಶವಿಲ್ಲ, ಲಾಯವಿಲ್ಲ.

ಆದರೆ ಖಾಲಿ ಜಾಗವೂ ಇಲ್ಲ. ಕುದುರೆಯ ಸುತ್ತ ಕೆಂಪು ಮುದ್ರೆಗಳು ಮುತ್ತಿಕೊಂಡಿವೆ. ಕೈಯಿಂದ ಕೈಗೆ ದಾಟಿದಾಗಲೆಲ್ಲ ಹೊಸ ಒಡೆಯ ತನ್ನ ಮುದ್ರೆ ಒತ್ತಿದ್ದಾನೆ, ಹೊಗಳಿಕೆಯ ನಾಲ್ಕು ಸಾಲು ಬರೆದಿದ್ದಾನೆ. 10ನೆಯ ಶತಮಾನದ ದಕ್ಷಿಣ ತಾಂಗ್ ರಾಜ್ಯದ ಕೊನೆಯ ದೊರೆ ಲಿ ಯು ಬರೆದ ಸಾಲಿನಿಂದ ಹಿಡಿದು 18ನೆಯ ಶತಮಾನದ ಚಿಯೆನ್‌ಲೊಂಗ್ ಚಕ್ರವರ್ತಿಯವರೆಗೆ. ಚಿಯೆನ್‌ಲೊಂಗ್‌ನಿಗಂತೂ ಮುದ್ರೆ ಒತ್ತುವುದು ಒಂದು ಚಟ. ಅವನ ಕೈಗೆ ಸಿಕ್ಕ ಚಿತ್ರಗಳಲ್ಲಿ ಖಾಲಿ ಉಳಿದ ಮೂಲೆ ಹುಡುಕಬೇಕು. ಬರಹಗಳನ್ನೆಲ್ಲ ಸೇರಿಸಿ ಅಂಟಿಸುತ್ತ ಹೋದ ಈ ಸುರುಳಿಯ ಉದ್ದ ಈಗ 11 ಮೀಟರಿಗೂ ಹೆಚ್ಚು. ಅಷ್ಟರಲ್ಲಿ ಕುದುರೆ ಇರುವುದು ಒಂದೂವರೆ ಗೇಣಿನಷ್ಟು ಜಾಗದಲ್ಲಿ. ಚಿತ್ರವನ್ನು ಈ ಮುದ್ರೆಗಳು ಕೆಡಿಸಿವೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಟ್ಟಿಹಾಕಿದ ಪ್ರಾಣಿಯ ಸುತ್ತ ‘ಇದು ನನ್ನದು, ಇದು ನನ್ನದು’ ಎಂದು ಸಾವಿರದಿನ್ನೂರು ವರ್ಷ ಜನ ನೆರೆಯುತ್ತ ಹೋದದ್ದು ಚಿತ್ರದ ಒಳಗಿನ ಸಂಗತಿಗೆ ಚೆನ್ನಾಗಿಯೇ ಹೊಂದಿಕೊಂಡಿದೆ.

ಹಾನ್ ಗಾನ್ ಬಡವರ ಮನೆಯ ಹುಡುಗ. ಮದ್ಯದಂಗಡಿಯೊಂದರಲ್ಲಿ ಕೆಲಸಕ್ಕಿದ್ದನಂತೆ. ಕವಿ, ಚಿತ್ರಕಾರ ವಾಂಗ್ ವೈ ಅವರ ಮನೆಗೆ ಬಾಕಿ ವಸೂಲಿಗೆ ಹೋಗಿ, ಕಾಯುವಾಗ ಹೊತ್ತು ಹೋಗದೆ ಮಣ್ಣಿನಲ್ಲಿ ಕುದುರೆ, ಮನುಷ್ಯರನ್ನು ಗೀಚಿದ. ಅದನ್ನು ಕಂಡ ವಾಂಗ್ ವೈ ಅವನ ಓದಿಗೆ ಹಣ ಕೊಟ್ಟ ಎಂದು ಕತೆ. ಮುಂದೆ ಆಸ್ಥಾನ ಸೇರಿದಾಗ, ಹಿರಿಯ ಚಿತ್ರಕಾರ ಚೆನ್ ಹೊಂಗ್‌ನ ಬಳಿ ಕಲಿ ಎಂದು ಚಕ್ರವರ್ತಿ ಅಪ್ಪಣೆ ಮಾಡಿದ. ಆದರೂ ಇವನ ಕುದುರೆಗಳು ಚೆನ್ ಹೊಂಗ್‌ನ ಕುದುರೆಗಳಂತೆ ಕಾಣಲಿಲ್ಲ. ಏಕೆಂದು ಕೇಳಿದರೆ, ‘ನನಗೆ ನನ್ನವೇ ಗುರುಗಳಿದ್ದಾರೆ, ಪ್ರಭು. ತಮ್ಮ ಲಾಯದ ಕುದುರೆಗಳೆಲ್ಲವೂ ನನ್ನ ಗುರುಗಳೇ’ ಎಂದ. ರಾಜನ ಮುಂದೆ ಆಡಿದ ಮಾತಾದ್ದರಿಂದ ಇದರಲ್ಲಿ ಜಾಣತನವೂ ಇದೆ, ಒಂದಿಷ್ಟು ಮುಖಸ್ತುತಿಯೂ ಇದೆ.

ಆ ಲಾಯ ಸಾಮಾನ್ಯದ್ದಲ್ಲ. ಚೀನಾದ ದೊರೆಗಳಿಗೆ ಒಳ್ಳೆಯ ಕುದುರೆಯ ಹಸಿವು ಹಾನ್ ವಂಶದ ಕಾಲದಿಂದ ಇದ್ದದ್ದೇ. ಹುಲ್ಲುಗಾವಲಿನ ಅಲೆಮಾರಿಗಳ ಕುದುರೆ ದಂಡಿಗೆ ಎದುರು ನಿಲ್ಲಬೇಕಾದರೆ ಅವರಿಗಿಂತ ಮೇಲಾದ ಕುದುರೆಗಳು ಬೇಕು. ಅವು ಸಿಗುತ್ತಿದ್ದದ್ದು ಮಧ್ಯ ಏಷ್ಯಾದ ಫರ್ಗಾನಾದಲ್ಲಿ. ರಕ್ತದ ಬೆವರು ಸುರಿಸುತ್ತವೆ ಎಂದು ಹೆಸರಾದ ಆ ‘ದೇವಲೋಕದ ಕುದುರೆ’ಗಳಿಗಾಗಿ ವು ಚಕ್ರವರ್ತಿ ಕ್ರಿ.ಪೂ. 104ರಿಂದ 101ರವರೆಗೆ ದೊಡ್ಡ ದಂಡಯಾತ್ರೆಯನ್ನೇ ನಡೆಸಿದ. ಕುದುರೆಯ ಲಕ್ಷಣ ನೋಡುವುದೇ ಒಂದು ವಿದ್ಯೆಯಾಯಿತು. ನಮ್ಮಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರ ಬೆಳೆದಂತೆ ಅಲ್ಲಿ ಬೊ ಲೆ ಎಂಬ ಪುರಾತನ ಪರೀಕ್ಷಕನ ಹೆಸರು ನಿಂತಿತು. ಕುದುರೆಯ ಲಕ್ಷಣ ಹೇಳುವ, ರೇಷ್ಮೆಯ ಮೇಲೆ ಬರೆದ ಗ್ರಂಥವೊಂದು 1973ರಲ್ಲಿ ಮವಾಂಗ್‌ದುಯಿಯ ಗೋರಿಯಲ್ಲಿ ಸಿಕ್ಕಿದೆ. ಬೊ ಲೆ ಕುದುರೆಗಳಿಗೆ ಮಾತ್ರ ಸೀಮಿತವಾಗಿ ಉಳಿಯಲಿಲ್ಲ. ಯೋಗ್ಯತೆ ಇದ್ದೂ ಹುದ್ದೆ ಸಿಗದ ಪ್ರತಿಯೊಬ್ಬ ವಿದ್ವಾಂಸನೂ ತನ್ನನ್ನು ಕುದುರೆ ಎಂದುಕೊಂಡು ತನ್ನ ಬೊ ಲೆಗಾಗಿ ಕಾದ. ಸಾವಿರ ಲೀ (ಚೀನಾದ ದೂರದ ಅಳತೆ) ಓಡಬಲ್ಲ ಕುದುರೆಗಳು ಯಾವಾಗಲೂ ಇರುತ್ತವೆ, ಬೊ ಲೆ ಯಾವಾಗಲೂ ಇರುವುದಿಲ್ಲ ಎಂದು ತಾಂಗ್ ಕಾಲದ ಗದ್ಯಕಾರ ಹಾನ್ ಯು ಗೊಣಗಿದ್ದು ಇದನ್ನೇ.

ಈಗ ಕವಿಯ ಸರದಿ. 755ರಲ್ಲಿ ಸೇನಾಪತಿ ಆನ್ ಲುಶಾನ್‌ನ ದಂಗೆ ಎದ್ದಿತು. ಮರುವರ್ಷ ಚಕ್ರವರ್ತಿ ರಾಜಧಾನಿ ಬಿಟ್ಟು ಓಡಿದ. ಕವಿ ದು ಫು ಊರೂರು ಅಲೆದ. 764ರ ಹೊತ್ತಿಗೆ ಚೆಂಗ್‌ದುವಿನಲ್ಲಿ ಅವನಿಗೆ ಮುದುಕ ಚಾವ್ ಬಾ ಸಿಕ್ಕ. ಒಂದು ಕಾಲಕ್ಕೆ ಚಕ್ರವರ್ತಿಯ ಕುದುರೆಗಳನ್ನು ಬರೆದ, ಹಾನ್ ಗಾನ್‌ಗೆ ಗುರುವಾಗಿದ್ದ ಮನುಷ್ಯ ಈಗ ದಾರಿಹೋಕರ ಮುಖ ಬರೆದು ಹೊಟ್ಟೆ ಹೊರೆಯುತ್ತಿದ್ದ. ಅವನಿಗಾಗಿ ದು ಫು ಒಂದು ದೀರ್ಘ ಕವಿತೆ ಬರೆದ. ಗುರುವನ್ನು ಎತ್ತಿ ಹಿಡಿಯುವ ಭರದಲ್ಲಿ ಶಿಷ್ಯನಿಗೆ ಒಂದು ಏಟು ಬಿತ್ತು: ಹಾನ್ ಗಾನ್ ಬರೆಯುವುದು ಮಾಂಸವನ್ನು ಮಾತ್ರ, ಮೂಳೆಯನ್ನಲ್ಲ, ಜಾತಿ ಕುದುರೆಗಳ ಕಸುವು ಬತ್ತಿಹೋಗುವಂತೆ ಮಾಡಲು ಅವನಿಗೆ ಮನಸ್ಸಾದರೂ ಹೇಗೆ ಬರುತ್ತದೆ?

ಈ ಮಾತನ್ನು ವಿಮರ್ಶೆ ಎಂದು ಓದಿದವರು ಮೋಸ ಹೋದರು ಎಂದೇ ನನ್ನ ಅಭಿಪ್ರಾಯ. ಇನ್ನೊಂದು ಕಡೆ ಇದೇ ದು ಫು, ಹಾನ್ ಗಾನ್‌ನ ಕುಂಚದ ತುದಿಯಲ್ಲಿ ದೈವವಿದೆ ಎಂದು ಹೊಗಳಿದ್ದಾನೆ. ಅವನು ಕೆರಳಿದ್ದು ಚಿತ್ರದ ಮೇಲಲ್ಲ. ಮೈತುಂಬಿದ ಆ ಕುದುರೆಗಳು ಇದ್ದ ಕಾಲ, ಆ ದರ್ಬಾರು, ಹಾಳಾಗಿ ಹೋಗಿತ್ತು. ಊರಾಚೆ ಸೈನ್ಯದವರು ಬಿಟ್ಟುಹೋದ ಒಂದು ಬಡಕಲು ಕುದುರೆಯ ಮೇಲೆಯೂ ಅವನ ಕವಿತೆ ಇದೆ. ಅದರ ಎಲುಬುಗಳು ಗೋಡೆಯಂತೆ ಎದ್ದು ನಿಂತಿವೆ. ಹಸಿದವನ ಕಣ್ಣಿಗೆ ಕೊಬ್ಬಿದ ಕುದುರೆ ಸುಳ್ಳಾಗಿ ಕಂಡರೆ ಆಶ್ಚರ್ಯವೇನು?

ಮುಂದಿನ ಶತಮಾನದಲ್ಲಿ ಹಾನ್ ಗಾನ್‌ನ ಪರ ವಕಾಲತ್ತು ವಹಿಸಿದವನು ಚಿತ್ರಕಲೆಯ ಇತಿಹಾಸಕಾರ ಝಾಂಗ್ ಯನ್‌ಯುವಾನ್. 847ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಅವನು, ದು ಫುಗೆ ಚಿತ್ರದ ವಿಷಯ ಏನು ಗೊತ್ತು ಎಂದು ನೇರವಾಗಿ ಕೇಳುತ್ತಾನೆ. ಶ್ವಾನ್‌ಝೊಂಗ್‌ಗೆ ದೊಡ್ಡ ಕುದುರೆಗಳೆಂದರೆ ಪ್ರೀತಿ, ಅರಮನೆಯ ಲಾಯಗಳಲ್ಲಿ 4 ಲಕ್ಷ ಕುದುರೆಗಳಿದ್ದವು, ಪಶ್ಚಿಮದ ರಾಜ್ಯಗಳಿಂದ ವರ್ಷವರ್ಷವೂ ಕಾಣಿಕೆ ಬರುತ್ತಿತ್ತು, ಹಾನ್ ಗಾನ್ ಕಂಡದ್ದನ್ನು ಬರೆದ ಎಂಬುದು ಅವನ ವಾದ. ಎಣಿಕೆಯನ್ನು ನಾವು ಅಕ್ಷರಶಃ ನಂಬಬೇಕಾಗಿಲ್ಲ. ಮೈತುಂಬಿದ ಹೆಂಗಸರನ್ನೂ ಮೈತುಂಬಿದ ಕುದುರೆಗಳನ್ನೂ ಚೆಲುವೆಂದು ಕಂಡ ಕಾಲ ಅದು. ಈ ವ್ಯಾಜ್ಯದಲ್ಲಿ ನಾನು ಝಾಂಗ್ ಯನ್‌ಯುವಾನ್‌ನ ಪಕ್ಷ. ಇರುಳು ಬೆಳಗುವ ಬಿಳಿಯನ ಹೊರಳಿದ ಕಣ್ಣನ್ನು ನೋಡಿ ‘ಕಸುವಿಲ್ಲ’ ಎನ್ನಬೇಕಾದರೆ ಚಿತ್ರ ನೋಡದೆಯೇ ಮಾತಾಡಬೇಕು.

ಆ ಲಾಯಗಳ ಇನ್ನೊಂದು ಕತೆ ಹೇಳದೆ ಮುಂದೆ ಹೋಗಲಾರೆ. ಶ್ವಾನ್‌ಝೊಂಗ್‌ನ ಹುಟ್ಟುಹಬ್ಬಕ್ಕೆ ಕುಣಿಯುವ ಕುದುರೆಗಳಿದ್ದವು. ಸಂಗೀತಕ್ಕೆ ತಕ್ಕಂತೆ ಹೆಜ್ಜೆ ಹಾಕಿ, ಕೊನೆಗೆ ಬಾಯಲ್ಲಿ ಮದ್ಯದ ಬಟ್ಟಲು ಕಚ್ಚಿ ಅರಸನ ಮುಂದೆ ಬಾಗುತ್ತಿದ್ದವು. ಕಟ್ಟುಕತೆ ಇರಬೇಕು ಎನ್ನುವಂತಿಲ್ಲ: ಬಟ್ಟಲು ಕಚ್ಚಿ ಕೂತ ಕುದುರೆಯ ಉಬ್ಬುಚಿತ್ರವಿರುವ ಬೆಳ್ಳಿಯ ಹೂಜಿ 1970ರಲ್ಲಿ ಶಿಯಾನ್ ನಗರದ ಹೆಜಿಯಾಚುನ್‌ನಲ್ಲಿ ನೆಲ ಅಗೆದಾಗ ಸಿಕ್ಕಿತು. ದಂಗೆಯ ನಂತರ ಈ ಕುದುರೆಗಳಲ್ಲಿ ಕೆಲವು ಒಬ್ಬ ಸೇನಾಪತಿಯ ಪಾಲಾಗಿ ಯುದ್ಧದ ಕುದುರೆಗಳ ಜೊತೆ ಸೇರಿದವು. ಒಂದು ದಿನ ಶಿಬಿರದಲ್ಲಿ ಸಂಗೀತ ಕೇಳಿಸಿತು. ಕುದುರೆಗಳು ಕುಣಿಯತೊಡಗಿದವು. ದೆವ್ವ ಹಿಡಿದಿದೆ ಎಂದು ಆಳುಗಳು ಬಡಿದರು. ತಾಳ ತಪ್ಪಿದ್ದಕ್ಕೆ ಹೊಡೆಯುತ್ತಿದ್ದಾರೆ ಎಂದುಕೊಂಡ ಕುದುರೆಗಳು ಇನ್ನಷ್ಟು ಚೆನ್ನಾಗಿ ಕುಣಿದವು. ಸಾಯುವವರೆಗೂ ಹೊಡೆತ ನಿಲ್ಲಲಿಲ್ಲ. ಬೊ ಲೆ ಇಲ್ಲದ ಲೋಕ ಎಂದರೇನು ಎಂಬುದನ್ನು ಹಾನ್ ಯುವಿನ ಗೊಣಗಾಟಕ್ಕಿಂತ ಈ ಕತೆ ಚೆನ್ನಾಗಿ ಹೇಳುತ್ತದೆ.

ಸೊಂಗ್ ವಂಶದ ಕಾಲಕ್ಕೆ ಬಂದರೆ ಕುದುರೆಗಳೇ ಕಡಿಮೆ. ಮೇಯಿಸುವ ಬಯಲುಗಳು ಉತ್ತರದವರ ಕೈಸೇರಿದ್ದವು. ಸಿಚುವಾನಿನ ಚಹಾ ಕೊಟ್ಟು ಟಿಬೆಟಿನ ಕಡೆಯಿಂದ ಕುದುರೆ ತರಬೇಕಿತ್ತು. ಅದಕ್ಕೇ ಇರಬೇಕು, ಲಿ ಗೊಂಗ್‌ಲಿನ್ (1049–1106) ಬರೆದ ‘ಐದು ಕುದುರೆಗಳು’ ಸುರುಳಿಯಲ್ಲಿ ಒಂದೊಂದು ಕುದುರೆಗೂ ಕಚೇರಿಯ ದಾಖಲೆಯಂತಹ ಟಿಪ್ಪಣಿ ಇದೆ. ಯುವಾನ್‌ಯೂ ಎಂಬ ಶಕದ 1ನೆಯ ವರ್ಷದ 12ನೆಯ ತಿಂಗಳ 16ರಂದು ಖೋತಾನಿನಿಂದ ಕಾಣಿಕೆಯಾಗಿ ಬಂದದ್ದು, ವಯಸ್ಸು 8, ಎತ್ತರ ಇಷ್ಟು ಎಂದು ಅವನ ಗೆಳೆಯ ಹುವಾಂಗ್ ಟಿಂಗ್‌ಜಿಯಾನ್ ಬರೆದಿದ್ದಾನೆ. ನಾಲ್ಕು ಕುದುರೆಗಳಿಗೆ ಈ ಟಿಪ್ಪಣಿ ಉಂಟು, ಐದನೆಯದಕ್ಕೆ ಇಲ್ಲ. ಪ್ರತಿ ಕುದುರೆಯ ಪಕ್ಕದಲ್ಲಿ ಲಗಾಮು ಹಿಡಿದ ಒಬ್ಬ ಆಳು. ಈ ಆಳುಗಳ ಮುಖಗಳನ್ನು ಕುದುರೆಗಳಷ್ಟೇ ಹೊತ್ತು ನೋಡಬಹುದು. ಬೇರೆ ಬೇರೆ ಸೀಮೆಯವರು, ಬೇರೆ ಬೇರೆ ಟೊಪ್ಪಿ, ಗಡ್ಡ, ಒಬ್ಬೊಬ್ಬರದು ಒಂದೊಂದು ಬೇಸರ. ಲಿ ಗೊಂಗ್‌ಲಿನ್ ಮಾಂಸದ ಜೊತೆ ಮೂಳೆಯನ್ನೂ ಬರೆಯುತ್ತಾನೆ ಎಂದು ಅದೇ ಕಾಲದ ಕವಿ ಸು ಶಿ ಹೊಗಳಿದ. ದು ಫು ಹಚ್ಚಿದ ಜಗಳ ಮುನ್ನೂರು ವರ್ಷದ ನಂತರವೂ ಆರಿರಲಿಲ್ಲ ಎಂಬುದಕ್ಕೆ ಸಾಕ್ಷಿ ಇದು.

ಲಿ ಗೊಂಗ್‌ಲಿನ್ ಬರೆದು ಕುಂಚ ಕೆಳಗಿಟ್ಟ ಕೂಡಲೇ ಒಂದು ಕುದುರೆ ಸತ್ತಿತಂತೆ, ಪ್ರಾಣವೆಲ್ಲ ಚಿತ್ರಕ್ಕೆ ಹೋಗಿತ್ತಂತೆ. ಇಷ್ಟೊಂದು ಕುದುರೆಯ ಧ್ಯಾನ ಮಾಡಿದರೆ ಮುಂದಿನ ಜನ್ಮದಲ್ಲಿ ಕುದುರೆಯಾಗಿಯೇ ಹುಟ್ಟುತ್ತೀಯೆ ಎಂದು ಒಬ್ಬ ಬೌದ್ಧ ಭಿಕ್ಷು ಎಚ್ಚರಿಸಿದ ಮೇಲೆ ಅವನು ಬುದ್ಧ, ಬೋಧಿಸತ್ತ್ವರ ಕಡೆ ತಿರುಗಿದ ಎಂಬ ಕತೆಯೂ ಇದೆ. ಸುರುಳಿಯ ಸ್ವಂತ ಕತೆ ಇವೆರಡಕ್ಕಿಂತ ವಿಚಿತ್ರ. ಚೀನಾದ ಅರಮನೆಯಿಂದ ಹೊರಬಿದ್ದು ಜಪಾನಿಗೆ ಹೋದ ಅದು ಎರಡನೆಯ ಮಹಾಯುದ್ಧದ ನಂತರ ಕಾಣೆಯಾಯಿತು. ಸುಟ್ಟುಹೋಯಿತೆಂದೇ ಬಹಳ ಜನ ನಂಬಿದ್ದರು. ವಿದ್ವಾಂಸರು ಹಳೆಯ ಕಪ್ಪುಬಿಳುಪು ಮುದ್ರಣಗಳನ್ನೇ ನೋಡಿ, ಬಣ್ಣವಿಲ್ಲದ ಬರೀ ರೇಖೆಯ ಕಲೆಗೆ ಇದಕ್ಕಿಂತ ಮಿಗಿಲಾದ ಮಾದರಿಯಿಲ್ಲ ಎಂದು ಪಾಠ ಹೇಳಿದರು. 2019ರ ಜನವರಿಯಲ್ಲಿ ಟೋಕಿಯೊ ರಾಷ್ಟ್ರೀಯ ಮ್ಯೂಸಿಯಂ ಅದನ್ನು ಪ್ರದರ್ಶನಕ್ಕೆ ಇಟ್ಟಿತು. ನೋಡಿದರೆ, ತೆಳುವಾಗಿ ಬಣ್ಣ ಇದೆ!

ಮೂಳೆಯ ಕುದುರೆ ನಿಜವಾಗಿ ಬಂದದ್ದು ಸೊಂಗ್ ಸಾಮ್ರಾಜ್ಯ ಮುಳುಗಿದ ಮೇಲೆ. 1279ರಲ್ಲಿ ಮಂಗೋಲರು ಇಡೀ ಚೀನಾವನ್ನು ಗೆದ್ದರು. ಸೊಂಗ್ ಸರ್ಕಾರದಲ್ಲಿ ಸಣ್ಣ ಅಧಿಕಾರಿಯಾಗಿದ್ದ ಗೊಂಗ್ ಕಾಯ್ ಹೊಸ ದೊರೆಗಳ ಸೇವೆ ಒಲ್ಲೆ ಎಂದ. ಬಡತನ ಎಷ್ಟೆಂದರೆ ಮನೆಯಲ್ಲಿ ಮೇಜೂ ಇರಲಿಲ್ಲ. ಮಗನನ್ನು ಬಗ್ಗಿಸಿ ಅವನ ಬೆನ್ನಿನ ಮೇಲೆ ಕಾಗದ ಹರಡಿ ಚಿತ್ರ ಬರೆಯುತ್ತಿದ್ದನಂತೆ. ಅವನ ಬಡಕಲು ಕುದುರೆ ಈಗ ಜಪಾನಿನ ಒಸಾಕಾ ನಗರದ ಲಲಿತಕಲಾ ಮ್ಯೂಸಿಯಂನಲ್ಲಿದೆ. ಜೀನಿಲ್ಲ, ಲಗಾಮಿಲ್ಲ, ಹಿಡಿಯಲು ಆಳಿಲ್ಲ. ತಲೆ ತಗ್ಗಿಸಿದೆ. ಪಕ್ಕೆಲುಬುಗಳು ಒಂದೊಂದಾಗಿ ಎದ್ದು ಕಾಣುತ್ತವೆ.

ಆ ಎಲುಬುಗಳನ್ನು ಎಣಿಸಬೇಕು; ಎಣಿಸಲೆಂದೇ ಬರೆದದ್ದು. ಸಾಧಾರಣ ಕುದುರೆಗೆ ಹತ್ತು ಚಿಲ್ಲರೆ ಪಕ್ಕೆಲುಬು, ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯ ಜಾತಿ, ಸಾವಿರ ಲೀ ಓಡುವ ಕುದುರೆಗೆ ಮಾತ್ರ 15 ಎಂದು ಶಾಸ್ತ್ರ ಹೇಳುತ್ತದೆ ಎಂದು ಗೊಂಗ್ ಕಾಯ್ ತಾನೇ ಬರೆದಿದ್ದಾನೆ. ಕುದುರೆ ಸೊರಗದಿದ್ದರೆ ಅವು ಕಾಣುವುದಾದರೂ ಹೇಗೆ ಎಂಬುದು ಅವನ ತರ್ಕ. ನಿಜವಾದ ಕುದುರೆಗೆ 18 ಜೊತೆ ಪಕ್ಕೆಲುಬುಗಳಿರುತ್ತವೆ, ಜಾತಿಯದಾಗಲಿ ಗಾಡಿಯದಾಗಲಿ, ಶಾಸ್ತ್ರ ತಪ್ಪು. ಆದರೆ ಈ ತರ್ಕದ ಕಹಿಯನ್ನು ಗಮನಿಸಿ: ಯೋಗ್ಯತೆ ಹೊರಗೆ ಕಾಣಬೇಕಾದರೆ ಹಸಿವು ಬೇಕು. ಜೊತೆಗಿರುವ ಕವಿತೆಯಲ್ಲಿ ಹಿಂದಿನ ವಂಶದ ಹನ್ನೆರಡು ಲಾಯಗಳು ಬರಿದಾಗಿವೆ. ಈ ಜಾತಿ ಎಲುಬಿಗೆ ಇಂದು ಮರುಗುವವರು ಯಾರು ಎಂದು ಕೇಳುತ್ತಾನೆ. ಇಳಿಬಿಸಿಲಿನಲ್ಲಿ ಮರಳ ದಂಡೆಯ ಮೇಲೆ ಕುದುರೆಯ ನೆರಳು ಬೆಟ್ಟದಷ್ಟಾಗಿದೆ ಎನ್ನುತ್ತಾನೆ. ಇಡೀ ಪರಂಪರೆಯಲ್ಲಿ ನನಗೆ ಒಂದೇ ಚಿತ್ರ ಕೊಡುತ್ತೇವೆ ಎಂದರೆ ನಾನು ಕೇಳುವುದು ಇದನ್ನು. ಹಾನ್ ಗಾನ್‌ನ ಪಕ್ಷ ವಹಿಸಿದವನೇ ಈ ಮಾತು ಹೇಳುತ್ತಿರುವುದು ವಿಚಿತ್ರ ಅನ್ನಿಸಬಹುದು. ಆದರೆ ದು ಫುವಿನ ಅನ್ಯಾಯದ ಆ ಒಂದು ಸಾಲು ಇಲ್ಲದಿದ್ದರೆ ಗೊಂಗ್ ಕಾಯ್‌ಗೆ ಈ ಕುದುರೆ ಹೊಳೆಯುತ್ತಿತ್ತೇ ಎಂಬ ಅನುಮಾನ ನನಗಿದೆ.

ಅದೇ ಕಾಲದಲ್ಲಿ ಮಂಗೋಲರ ಕೈಕೆಳಗೆ ದುಡಿಯಲು ಒಪ್ಪಿದವರೂ ಇದ್ದರು. ರೆನ್ ರೆನ್‌ಫಾ ವೃತ್ತಿಯಿಂದ ನೀರಾವರಿ ಎಂಜಿನಿಯರ್. ಅವನು ಕಟ್ಟಿಸಿದ ತೂಬಿನ ಕಲ್ಲುಗಳು 2001ರಲ್ಲಿ ಶಾಂಘೈ ನಗರದಲ್ಲಿ ಕಟ್ಟಡದ ಪಾಯ ತೋಡುವಾಗ ಸಿಕ್ಕವು. ಬೀಜಿಂಗಿನ ಅರಮನೆ ಮ್ಯೂಸಿಯಂನಲ್ಲಿರುವ ಅವನ ‘ಎರಡು ಕುದುರೆ’ಯಲ್ಲಿ ಒಂದು ಕೊಬ್ಬಿದ ಚುಕ್ಕೆ ಕುದುರೆ, ಒಂದು ಬಡಕಲು ಕಂದು ಕುದುರೆ. ಬಡಕಲು ಕುದುರೆ ತನ್ನ ಮೈ ಸೊರಗಿಸಿ ನಾಡನ್ನು ಬೆಳೆಸುವ ಅಧಿಕಾರಿ. ಕೊಬ್ಬಿದ್ದು ಹತ್ತು ಸಾವಿರ ಜನರನ್ನು ಸೊರಗಿಸಿ ತಾನೊಬ್ಬನೇ ಬೆಳೆಯುವವನು ಎಂದು ಪಕ್ಕದಲ್ಲೇ ಬರೆದಿಟ್ಟಿದ್ದಾನೆ. ಲಂಚದ ಮೇಲೆ ಇಷ್ಟು ನೇರವಾದ ಚಿತ್ರ ಇನ್ನೊಂದಿರಲಾರದು. ತನ್ನನ್ನು ಯಾವ ಕುದುರೆ ಎಂದು ಎಣಿಸಿಕೊಂಡಿದ್ದ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಚಿತ್ರವಾಗಿ ನೋಡಿದರೆ ಕೊಬ್ಬಿದ ಕುದುರೆಯೇ ಚೆಲುವಾಗಿ ಬಂದಿದೆ. ಕೈ ಒಂದು ಹೇಳುತ್ತದೆ, ಬರಹ ಇನ್ನೊಂದು ಹೇಳುತ್ತದೆ.

ಝಾವ್ ಮೆಂಗ್‌ಫು (1254–1322) ಸೊಂಗ್ ರಾಜವಂಶದ ಕುಡಿಯೇ. ಆದರೂ ಕುಬ್ಲಾಯ್ ಖಾನನ ಆಸ್ಥಾನ ಸೇರಿದ. ಆ ಕಳಂಕ ಅವನ ಹೆಸರಿಗೆ ಇಂದಿಗೂ ಅಂಟಿಕೊಂಡಿದೆ. 1296ರಲ್ಲಿ ಅವನು ಒಬ್ಬ ಆಳು, ಒಂದು ಕುದುರೆಯನ್ನು ಬರೆದ. 63 ವರ್ಷದ ಮೇಲೆ, 1359ರಲ್ಲಿ, ಮಗ ಝಾವ್ ಯುಂಗ್ ಮತ್ತು ಮೊಮ್ಮಗ ಝಾವ್ ಲಿನ್ ತಲಾ ಒಂದು ಆಳು-ಕುದುರೆಯನ್ನು ಬರೆದು ಅದಕ್ಕೆ ಜೋಡಿಸಿದರು. ಮೂರು ತಲೆಮಾರು ಒಂದೇ ಸುರುಳಿಯಲ್ಲಿ ಸಾಲಾಗಿ ನಿಂತಿದೆ. ಝಾವ್ ಮೆಂಗ್‌ಫು ಬಟ್ಟೆ ಕಳಚಿ ಹಾಸಿಗೆಯ ಮೇಲೆ ಹೊರಳಿ ಕುದುರೆಯ ಭಂಗಿ ಅಭ್ಯಾಸ ಮಾಡುವಾಗ, ಚಿತ್ರಕಾರಳೇ ಆಗಿದ್ದ ಅವನ ಹೆಂಡತಿ ಗುವಾನ್ ದಾವ್‌ಶೆಂಗ್ ಕಿಟಕಿಯಿಂದ ಇಣುಕಿ ಹಾಸಿಗೆಯಲ್ಲಿ ಕುದುರೆಯನ್ನೇ ಕಂಡಳಂತೆ. ಅವಳು ಏನೆಂದಳು ಎಂಬುದೇ ನನಗೆ ಕುತೂಹಲ.

ಮಿಲಾನಿನಿಂದ 1715ರಲ್ಲಿ ಬಂದ ಜೆಸ್ವಿಟ್ ಎಂಬ ಕ್ರೈಸ್ತ ಪಂಥದ ಬ್ರದರ್ ಕಾಸ್ಟಿಲಿಯೋನೆಯ ‘ನೂರು ಕುದುರೆಗಳು’ (1728) ಬಗ್ಗೆ ಹೆಚ್ಚು ಹೇಳಲಾರೆ. ಸುಮಾರು ಎಂಟು ಮೀಟರಿನ ರೇಷ್ಮೆಯ ಮೇಲೆ ಮೈಕಟ್ಟು, ನೆರಳುಬೆಳಕು, ದೂರ ಹತ್ತಿರ ಎಲ್ಲವೂ ಕರಾರುವಾಕ್ಕು. ಹಾನ್ ಫೈ ಮೆಚ್ಚುತ್ತಿದ್ದ. ನನಗೆ ಮಾತ್ರ ಆ ನೂರರಲ್ಲಿ ಒಂದರ ಹೆಸರು ತಿಳಿಯಬೇಕೆಂದೂ ಅನ್ನಿಸುವುದಿಲ್ಲ.

ಇಂದು ಚೀನೀ ಕುದುರೆ ಎಂದರೆ ಜಗತ್ತಿನ ಕಣ್ಣಿಗೆ ಬರುವುದು ಶು ಬೈಹೊಂಗ್ (1895–1953) ಅವರ ಕುದುರೆ. ಕ್ಯಾಲೆಂಡರ್, ಬೀಸಣಿಗೆ, ಟೀ ಕಪ್ಪು, ಹೋಟೆಲಿನ ಗೋಡೆ, ಎಲ್ಲೆಲ್ಲೂ ಅದರ ನಕಲುಗಳು. ದು ಫು ಕಂಡಿದ್ದರೆ ಈ ನಕಲುಗಳಲ್ಲಿ ಮಾಂಸವೂ ಇಲ್ಲ, ಮೂಳೆಯೂ ಇಲ್ಲ, ಇರುವುದು ಅಯಾಲು ಮಾತ್ರ ಎನ್ನುತ್ತಿದ್ದನೇನೋ. ಮೂಲ ಹಾಗಲ್ಲ. ಶು ಬೈಹೊಂಗ್ 1919ರಲ್ಲಿ ಪ್ಯಾರಿಸಿಗೆ ಹೋಗಿ ದೇಹರಚನೆ, ರೇಖಾಚಿತ್ರ ಕಲಿತವರು. ಆ ಲೆಕ್ಕಾಚಾರವೆಲ್ಲ ಒಳಗೆ ಉಳಿದು, ಹೊರಗೆ ಕಾಣುವುದು ನೀರು ಕುಡಿದ ಶಾಯಿಯ ಕೆಲವೇ ಬೀಸುಗಳು. ಅವರ ಓಡುವ ಕುದುರೆಗಳಿಗೆ ಜೀನಿಲ್ಲ, ಲಗಾಮಿಲ್ಲ. ಎಷ್ಟೋ ಸಲ ನೇರವಾಗಿ ನೋಡುವವನ ಎದೆಗೇ ನುಗ್ಗಿ ಬರುತ್ತವೆ. ಪಕ್ಕದಿಂದ ಕಾಣುವ ಕುದುರೆಯೇ ಹೆಚ್ಚಾಗಿದ್ದ ಪರಂಪರೆಯಲ್ಲಿ ಅದು ಎದ್ದು ಕಾಣುವ ಧೈರ್ಯ.

ಅವರು ಭಾರತಕ್ಕೂ ಬಂದಿದ್ದರು. ರವೀಂದ್ರನಾಥ ಠಾಕೂರರ ಆಹ್ವಾನದ ಮೇಲೆ 1939ರ ಕೊನೆಯಲ್ಲಿ ಶಾಂತಿನಿಕೇತನ ತಲುಪಿ, ಠಾಕೂರರ ಚಿತ್ರ ಬರೆದರು. 1940ರ ಫೆಬ್ರುವರಿಯಲ್ಲಿ ಗಾಂಧೀಜಿ ಅಲ್ಲಿಗೆ ಬಂದಾಗ ಅವರನ್ನೂ ಬರೆದರು. ಅದೇ ವರ್ಷ ಡಾರ್ಜಿಲಿಂಗಿನಲ್ಲಿದ್ದು, ಬೆಟ್ಟ ಅಗೆದು ಸರಿಸಲು ಹೊರಟ ಮುದುಕನ ಚೀನೀ ಕತೆಯನ್ನು ದೊಡ್ಡ ಚಿತ್ರವಾಗಿಸಿದರು. ಗುದ್ದಲಿ ಎತ್ತಿದ ಕಟ್ಟುಮಸ್ತಾದ ಮೈಗಳಿಗೆ ಭಾರತೀಯರೇ ಮಾದರಿಯಾಗಿ ನಿಂತಿದ್ದರು. ಆ ಹೊತ್ತಿಗೆ ಚೀನಾ ಜಪಾನಿನ ದಾಳಿಯಲ್ಲಿ ಬೇಯುತ್ತಿತ್ತು. ಸಿಂಗಪುರದಲ್ಲಿ ಪ್ರದರ್ಶನ ನಡೆಸಿ, ಚಿತ್ರಗಳನ್ನು ಮಾರಿ, ಸಂತ್ರಸ್ತರ ನೆರವಿಗೆ ಹಣ ಕಳುಹಿಸುತ್ತಿದ್ದರು. ಹಾಗೆ ಮಾರಾಟವಾದವುಗಳಲ್ಲಿ ಕುದುರೆಗಳೂ ಸಾಕಷ್ಟು. ಬೊ ಲೆಗಾಗಿ ಕಾಯುತ್ತ ನಿಂತಿದ್ದ ಪ್ರಾಣಿ ಈಗ ಯುದ್ಧದ ಖರ್ಚಿಗೆ ಓಡತೊಡಗಿತು.

ಅವರ ಅತಿ ಪ್ರಸಿದ್ಧ ಓಡುವ ಕುದುರೆ 1941ರದು. ಆಗ ಅವರು ಪೆನಾಂಗ್‌ನಲ್ಲಿದ್ದರು, ಹುನಾನ್ ಪ್ರಾಂತದ ಚಾಂಗ್‌ಶಾದಲ್ಲಿ ಎರಡನೆಯ ಬಾರಿ ಕದನ ನಡೆಯುತ್ತಿತ್ತು. ಹಾನ್ ಗಾನ್‌ನ ಸುರುಳಿಯಲ್ಲಿ ಬೇರೆಯವರು ಬರೆದ ಹನ್ನೊಂದು ಮೀಟರ್ ಇದ್ದರೆ ಇಲ್ಲಿ ಚಿತ್ರಕಾರರೇ ಬರೆದ ಕೆಲವು ಸಾಲುಗಳಿವೆ: ಚಾಂಗ್‌ಶಾದ ಎರಡನೆಯ ಕದನ, ಚಿಂತೆಯಿಂದ ಹೃದಯ ಉರಿಯುತ್ತಿದೆ, ಹಿಂದಿನ ಸಲದ ಫಲವೇ ಈ ಸಲವೂ ಬರಬಹುದೇನೋ, ತುದಿಗಾಲಲ್ಲಿ ನಿಂತು ಕಾಯುತ್ತಿದ್ದೇನೆ. ಹಿಂದಿನ ಸಲ, 1939ರಲ್ಲಿ, ಜಪಾನಿನ ಸೇನೆ ಹಿಮ್ಮೆಟ್ಟಿತ್ತು. ನಾನು ಅಂಗಡಿಗಳಲ್ಲಿ ಕಂಡ ಮುದ್ರಿತ ಪ್ರತಿಗಳಲ್ಲಿ ಕುದುರೆ ಇದೆ, ಈ ಸಾಲುಗಳಿಲ್ಲ. ಚೌಕಟ್ಟಿಗೆ ಹೊಂದಿಸುವಾಗ ಯಾರೋ ಕತ್ತರಿಸಿ ತೆಗೆದಿದ್ದಾರೆ.